ಸಹಾಯ ಬೇಕು: ಹಳೆಯ ಎಂಡಿ5 ಪಾಸ್‌ವರ್ಡ್‌ಗಳನ್ನು ಬಿಕ್ರಿಪ್ಟ್‌ಗೆ ಬದಲಾಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಳೆಯ ಪ್ರಾಜೆಕ್ಟ್ ಒಂದು ನನ್ನ ಕೈಗೆ ಬಂದಿದೆ. ಯೂಸರ್ ಟೇಬಲ್ ತೆರೆದು ನೋಡಿ ಎದೆ ಧಸಕ್ಕೆಂದಿತು. ಬರೀ ಎಂಡಿ5 ಹ್ಯಾಶ್ (ಹಳೆಯ, ಬೇಗ ಭೇದಿಸಬಹುದಾದ ವಿಧಾನದಲ್ಲಿ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಸಂಕೇತ), ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಸೇರಿಸುವ ಬೇರೆ ಬೇರೆ ಅಕ್ಷರಗಳು) ಇಲ್ಲ. 32 ಅಕ್ಷರದ ಒಂದೇ ಹ್ಯಾಶ್ ಹನ್ನೊಂದು ಜನರ ಹೆಸರಿನ ಮುಂದಿದೆ. ಅಂದರೆ ಅವರೆಲ್ಲರ ಪಾಸ್‌ವರ್ಡ್ ಒಂದೇ ಅಲ್ವಾ!

ಬೇಕೆಂದೇ ನಿಧಾನವಾಗಿ ಲೆಕ್ಕಹಾಕುವ, ಸಾಲ್ಟ್ ಸೇರಿಸುವ ಬಿಕ್ರಿಪ್ಟ್‌ಗೆ ಹೋಗಬೇಕೆಂದಿದ್ದೇನೆ, ಕಾಸ್ಟ್ (ಎಷ್ಟು ನಿಧಾನ ಎಂಬ ಮಟ್ಟ) 12. ಲಾಗಿನ್ ಆದಾಗ ಒಬ್ಬೊಬ್ಬರದೇ ಬದಲಾಯಿಸಬಹುದು. ಆದರೆ ವರ್ಷಗಟ್ಟಲೆ ಈ ಕಡೆ ಬಾರದವರ ಹ್ಯಾಶ್ ಹಾಗೇ ಉಳಿದುಬಿಡುತ್ತದೆ. ಅದಕ್ಕೆ, ಈಗಿರುವ ಎಂಡಿ5 ಹ್ಯಾಶನ್ನೇ ಬಿಕ್ರಿಪ್ಟ್‌ಗೆ ಕೊಟ್ಟು ಹಳೆಯದನ್ನು ಅಳಿಸಿಬಿಡಲೇ? 32 ಅಕ್ಷರವಾದ್ದರಿಂದ ಬಿಕ್ರಿಪ್ಟ್ ತೆಗೆದುಕೊಳ್ಳುವ 72 ಬೈಟ್ ಮಿತಿಯ ತೊಂದರೆಯಿಲ್ಲ.

ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಯಾವ ಸಾಲು ಯಾವ ಬಗೆಯದೆಂದು (ಎಂಡಿ5 ಮೇಲಿನ ಬಿಕ್ರಿಪ್ಟೋ, ನೇರ ಬಿಕ್ರಿಪ್ಟೋ) ಗುರುತಿಸಲು ಬೇರೆ ಕಾಲಂ ಇಟ್ಟಿದ್ದಿರಾ? ಹಳೆಯ ಬ್ಯಾಕಪ್‌ಗಳನ್ನು ಏನು ಮಾಡಿದಿರಿ? ಅವುಗಳಲ್ಲೂ ಎಂಡಿ5 ಇದೆ. ನನಗೆ ಜಾಸ್ತಿ ಚಿಂತೆ ಅದರದೇ.