ಪದಚರ್ಚೆ: ಬಾಲಮಂದಿರದಲ್ಲಿ ಹಗಲೂ ರಾತ್ರಿ ಮಕ್ಕಳ ಜೊತೆಗಿರುವವರನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಬಾಲಮಂದಿರ, ವೀಕ್ಷಣಾಲಯ (ಪ್ರಕರಣದ ವಿಚಾರಣೆ ನಡೆಯುತ್ತಿರುವ ಮಕ್ಕಳನ್ನು ಇರಿಸುವ ಮನೆ) ಮತ್ತು ಖಾಸಗಿ ಸಂಸ್ಥೆಗಳು ನಡೆಸುವ ಮಕ್ಕಳ ಮನೆಗಳಲ್ಲಿ ಕೆಲಸ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ತರಬೇತಿ ಕೈಪಿಡಿ ಬರೆಯುತ್ತಿದ್ದೇನೆ. ಓದುವವರನ್ನು ಏನೆಂದು ಕರೆಯಬೇಕು ಎನ್ನುವಲ್ಲೇ ಕೆಲಸ ನಿಂತಿದೆ. ಅಧೀಕ್ಷಕರಿಗೆ ಹೆಸರಿದೆ, ಪರಿವೀಕ್ಷಣಾಧಿಕಾರಿಗೆ ಇದೆ, ಆಪ್ತ ಸಮಾಲೋಚಕರಿಗೂ ಇದೆ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವುದರಿಂದ ಹಿಡಿದು ರಾತ್ರಿ ಕೊನೆಯ ಮಗು ನಿದ್ದೆ ಹೋಗುವ ತನಕ ಜೊತೆಗಿರುವವರಿಗೆ ಮಾತ್ರ ಒಪ್ಪುವ ಹೆಸರು ಸಿಗುತ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಇವರು ಹೌಸ್ ಮದರ್, ಹೌಸ್ ಫಾದರ್. ಕನ್ನಡದ ಕಾಗದಗಳಲ್ಲಿ ಗೃಹಮಾತೆ, ಗೃಹಪಾಲಕ, ಪಾಲಕಿ, ರಕ್ಷಕ ಎಂದು ಒಂದೊಂದು ಕಡೆ ಒಂದೊಂದು. ಬಾಯಿಮಾತಿನಲ್ಲಿ ಬಹಳ ಕಡೆ ಆಯಾ.

ಹೆಸರಿಗೆ ಇಷ್ಟೇಕೆ ಒದ್ದಾಟ ಎಂದು ಯಾರಾದರೂ ಕೇಳಬಹುದು. ಕೆಲಸ ಎಂಥದು ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ.

ಒಂಬತ್ತು ವರ್ಷದ ಹುಡುಗನೊಬ್ಬ ಹೊಸದಾಗಿ ಬಂದಿದ್ದಾನೆ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಅನುಭವವಿರುವ ಹೆಂಗಸು ದೀಪ ಹಾಕುವುದಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾಳೆ, ಮುಟ್ಟುವ ಮೊದಲು ಮಾತಾಡುತ್ತಾಳೆ. ಕತ್ತಲಲ್ಲಿ ಕೈ ಮೈಮೇಲೆ ಬಿದ್ದರೆ ಬೆಚ್ಚಿಬೀಳುವ ಮಕ್ಕಳು ಅಲ್ಲಿ ಇರುತ್ತಾರೆ, ಯಾಕೆ ಬೆಚ್ಚುತ್ತಾರೆ ಎಂಬುದು ಅವಳಿಗೆ ಗೊತ್ತು. ಒಣ ಚಡ್ಡಿ, ಒಣ ಹೊದಿಕೆ ಮೊದಲೇ ತೆಗೆದಿಟ್ಟಿರುತ್ತಾಳೆ. ಒದ್ದೆ ಹಾಸು ಬೆಳಗಾಗುವುದರೊಳಗೆ ಬಕೆಟ್ಟಿನಲ್ಲಿರುತ್ತದೆ, ಉಳಿದ ಹುಡುಗರ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಪುಸ್ತಕದಲ್ಲಿ ‘ರಾತ್ರಿ ಎರಡಕ್ಕೆ ಎದ್ದ, ಬಟ್ಟೆ ಬದಲಾಯಿಸಿದೆ, ಮತ್ತೆ ಮಲಗಿದ, ಈ ವಾರ ಮೂರನೇ ಸಲ, ಡಾಕ್ಟರಿಗೆ ಹೇಳಬೇಕು’ ಎಂದು ಬರೆಯುತ್ತಾಳೆ. ಇದೇ ಕೆಲಸವನ್ನು ಇನ್ನೊಬ್ಬರು ದೀಪ ಹಾಕಿ, ಗದರಿ, ಹಾಸಿಗೆಯನ್ನು ಎಲ್ಲರಿಗೂ ಕಾಣುವಂತೆ ಕಟಾಂಜನದ ಮೇಲೆ ಒಣಹಾಕಿಯೂ ಮುಗಿಸಬಹುದು. ಎರಡರಲ್ಲೂ ಹಾಸಿಗೆ ಒಣಗುತ್ತದೆ. ಮಗುವಿಗೆ ಆಗುವುದು ಬೇರೆ ಬೇರೆ. ಮೊದಲನೆಯವಳಿಗೆ ವಿದ್ಯೆ ಇದೆ. ಆ ವಿದ್ಯೆಗೆ ನಮ್ಮಲ್ಲಿ ಹೆಸರಿಲ್ಲ.

ಬೇರೆ ಕಡೆ ಇದೆ. ಕೆನಡಾದಲ್ಲಿ ‘ಚೈಲ್ಡ್ ಅಂಡ್ ಯೂತ್ ಕೇರ್’ ಎಂದು ಕಾಲೇಜಿನಲ್ಲಿ ಓದುವ ವಿಷಯವಿದೆ. ದಕ್ಷಿಣ ಆಫ್ರಿಕಾದಲ್ಲಿ ಈ ಕೆಲಸ ಮಾಡುವವರು ಸಮಾಜಕಾರ್ಯದವರ ಹಾಗೆಯೇ ಶಾಸನಬದ್ಧ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು, ತಪ್ಪು ನಡೆದರೆ ಆ ಪರಿಷತ್ತಿಗೆ ಉತ್ತರ ಹೇಳಬೇಕು. ನಮ್ಮಲ್ಲೂ ವಿಶೇಷ ಶಿಕ್ಷಕರಿಗೆ 1992ರ ಪುನರ್ವಸತಿ ಪರಿಷತ್ ಕಾಯ್ದೆಯ ಕೆಳಗೆ ನೋಂದಣಿ ಉಂಟು. 2021ರಲ್ಲಿ ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳಿಗಾಗಿ ಬಂದ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಬಾಲಮಂದಿರದ ರಾತ್ರಿ ಪಾಳಿಯ ಹೆಂಗಸು ಇಂಥ ಯಾವ ಪಟ್ಟಿಯಲ್ಲೂ ಇಲ್ಲ. ಬಹಳ ಸಲ ಹೊರಗುತ್ತಿಗೆಯಲ್ಲಿ ಬಂದಿರುತ್ತಾಳೆ, ಗುತ್ತಿಗೆ ಮುಗಿದರೆ ಹೋಗುತ್ತಾಳೆ, ಮಗು ಮತ್ತೆ ಹೊಸಬರಿಗೆ ಒಗ್ಗಿಕೊಳ್ಳಬೇಕು.

ಈಗ ಪದಗಳಿಗೆ ಬರುತ್ತೇನೆ.

‘ಗೃಹಮಾತೆ’ ಕೇಳಲು ಸೊಗಸು. ಆದರೂ ನನಗೆ ಅದು ಬೇಡ. ಆ ಮಗುವಿಗೆ ಅಮ್ಮ ಇರುತ್ತಾಳೆ, ಎಷ್ಟೋ ಸಲ ಬದುಕಿಯೇ ಇರುತ್ತಾಳೆ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಮಗುವನ್ನು ಮನೆಗೆ ಮರಳಿಸುವುದೇ ಗುರಿ ಎಂದು ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಮಾತೆ ಎಂಬ ಪದವಿಯನ್ನು ಹಲಗೆಯ ಮೇಲೆ ಬರೆದು ತೂಗುಹಾಕಿದರೆ ನಿಜವಾದ ಅಮ್ಮ ಭೇಟಿಗೆ ಬಂದ ದಿನ ಅವಳು ಯಾರಾಗಬೇಕು? ಇನ್ನೊಂದು ಕಾರಣವೂ ಇದೆ. ತಾಯಿಗೆ ಪಾಳಿ ಇಲ್ಲ, ರಜೆ ಇಲ್ಲ, ಸಂಬಳ ಇಲ್ಲ. ಕೆಲಸಕ್ಕೆ ತಾಯ್ತನದ ಹೆಸರಿಟ್ಟ ಮೇಲೆ ಹನ್ನೆರಡು ಗಂಟೆ ದುಡಿಸಿದರೂ ಕೇಳುವಂತಿಲ್ಲ, ಕೇಳಿದರೆ ‘ಮಕ್ಕಳ ಮೇಲೆ ಪ್ರೀತಿ ಇಲ್ಲವೇನಮ್ಮ’ ಎಂಬ ಮಾತು ಬರುತ್ತದೆ. ಮಗು ತಾನಾಗಿ ‘ಅಮ್ಮ’ ಅಂದರೆ ಅದು ಬೇರೆ. ಅಕ್ಕ, ಅಣ್ಣ, ಮಿಸ್, ಯಾವುದು ಬೇಕಾದರೂ ಅನ್ನಲಿ, ಅದು ಮಗುವಿನ ಇಷ್ಟ. ನಾನು ಕೇಳುತ್ತಿರುವುದು ನೇಮಕಾತಿ ಆದೇಶದಲ್ಲಿ ಬರೆಯುವ ಹೆಸರು.

‘ಕಾರ್ಯಕರ್ತೆ’ ಇನ್ನೂ ಕಷ್ಟದ ಪದ. ಅಂಗನವಾಡಿಯಿಂದ ಅದು ನಮಗೆ ಚೆನ್ನಾಗಿ ಗೊತ್ತು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗಿನಿಂದ ಊರೂರಲ್ಲಿ ಎಳೆಯ ಮಕ್ಕಳನ್ನು ನೋಡಿಕೊಂಡವರು ಅವರು. ಊರಿನವರು ಕರೆಯುವುದು ಟೀಚರ್ ಅಂತ, ಕಾಗದ ಕರೆಯುವುದು ಕಾರ್ಯಕರ್ತೆ ಅಂತ. ಕಾರ್ಯಕರ್ತೆ ಅಂದ ಮೇಲೆ ಸಂಬಳ ‘ಗೌರವಧನ’ ಆಗುತ್ತದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆ ಅಲ್ಲ ಎಂದಿತು. ಗುಜರಾತಿನ ಮಣಿಬೆನ್ ಎಂಬವರ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್, ಗೌರವಧನ ಎಂದು ಕರೆದರೂ ಉಪದಾನ (ಗ್ರಾಚ್ಯುಟಿ) ಕಾಯ್ದೆಯ ಮಟ್ಟಿಗೆ ಅದು ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ನಡುವೆ ಹೋದದ್ದು ಹದಿನೈದು ವರ್ಷಕ್ಕೂ ಹೆಚ್ಚು. ಪದವೊಂದೇ ಇದನ್ನೆಲ್ಲ ಮಾಡಿತು ಎನ್ನುವುದಿಲ್ಲ, ಯೋಜನೆಯನ್ನು ಹೆಣೆದ ರೀತಿಯೇ ಹಾಗಿತ್ತು. ಆದರೆ ಆ ಹೆಣಿಗೆಗೆ ಪದ ಹೊಂದಿಕೊಂಡು ಕೂತಿತು. ಬಾಲಮಂದಿರದವರಿಗೂ ಅದನ್ನೇ ತಂದು ಅಂಟಿಸಲು ನನಗೆ ಮನಸ್ಸಿಲ್ಲ.

‘ರಕ್ಷಕ’ ಗೇಟಿನ ಬಳಿ ಸರಿ, ಮಲಗುವ ಕೋಣೆಯಲ್ಲಿ ಅಲ್ಲ. ‘ಆರೈಕೆದಾರ’ ಅಂದರೆ ಬಹಳ ಜನಕ್ಕೆ ಹಾಸಿಗೆ ಹಿಡಿದ ರೋಗಿ ನೆನಪಾಗುತ್ತಾರೆ. ‘ಪೋಷಕ’, ‘ಪಾಲಕ’ ಎರಡನ್ನೂ ಶಾಲೆಗಳು ತಂದೆತಾಯಿಗೆ ಕೊಟ್ಟುಬಿಟ್ಟಿವೆ, ಪಾಲಕರ ಸಭೆ ಅಂದರೆ ಯಾರು ಬರಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ‘ಒಡನಾಡಿ’ ಮನಸ್ಸಿಗೆ ಹತ್ತಿರದ ಪದ. ಆದರೆ ಅದು ಮೈಸೂರಿನ ಒಂದು ಸಂಸ್ಥೆಯ ಹೆಸರಾಗಿ ನಿಂತಿದೆ. ಅಲ್ಲದೆ ಒಡನಾಡಿಗಳು ಸಮಸಮ. ಇಲ್ಲಿ ಒಬ್ಬರ ಕೈಯಲ್ಲಿ ಬೀಗದ ಕೈ ಇದೆ, ಇನ್ನೊಬ್ಬರ ಕೈಯಲ್ಲಿ ಇಲ್ಲ. ಅದನ್ನು ಮರೆಸುವ ಹೆಸರು ಅಪಾಯ. ‘ಒಡನಾಟ’ ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಚಿಕಿತ್ಸೆಯ ಕೋಣೆಯಲ್ಲಲ್ಲದೆ ಊಟ, ಸ್ನಾನ, ಆಟ, ಜಗಳಗಳ ನಡುವೆಯೇ ಮಗುವಿನ ಜೊತೆ ಕೆಲಸ ಮಾಡುವ ಬಗೆಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಕಂಡಿಲ್ಲ.

‘ಸಲಹು’ ಧಾತುವಿನಿಂದ ಏನಾದರೂ ಮಾಡಬಹುದೇ ಎಂದು ಬಹಳ ಯೋಚಿಸಿದೆ. ಸಾಕಿ ಸಲಹಿದರು ಅನ್ನುವಾಗ ಅದರಲ್ಲಿ ಅನ್ನವೂ ಇದೆ, ಕಾವಲೂ ಇದೆ, ಅಕ್ಕರೆಯೂ ಇದೆ. ಆದರೆ ಸಲಹುಗಾರ ಎಂದು ಬರೆದರೆ ಓದುವವರು ಸಲಹೆಗಾರ ಎಂದೇ ಓದುತ್ತಾರೆ, ಅದು ಬೇರೆ ಹುದ್ದೆ.

ಸದ್ಯಕ್ಕೆ ನನ್ನ ಒಲವು ‘ಮಕ್ಕಳ ಪಾಲನೆಗಾರ’, ‘ಪಾಲನೆಗಾರ್ತಿ’ ಕಡೆಗೆ. ಬಳೆಗಾರ, ಬರಹಗಾರ, ತರಬೇತುಗಾರ ಇವುಗಳಲ್ಲಿ ಗಾರ ಎಂಬುದು ಕಸುಬನ್ನು, ಅದನ್ನು ಬಲ್ಲವರನ್ನು ತೋರಿಸುತ್ತದೆ. ತೊಡಕು ಇರುವುದು ‘ಪಾಲನೆ’ಯಲ್ಲಿ. ಮಕ್ಕಳ ಪಾಲನೆಯೂ ಪಾಲನೆ, ಆಜ್ಞೆಯ ಪಾಲನೆಯೂ ಪಾಲನೆ. ಹದಿನೆಂಟು ತುಂಬಿ ಹೊರಗೆ ಹೋಗುವವರಿಗೆ ಇಪ್ಪತ್ತೊಂದರವರೆಗೆ ಆಸರೆ ಕೊಡುವ ಮನೆಗೆ ‘ಅನುಪಾಲನಾ ಗೃಹ’ ಎನ್ನುತ್ತೇವೆ. ಅದೇ ಕಚೇರಿಯಲ್ಲಿ ‘ಅನುಪಾಲನಾ ವರದಿ’ ಅಂದರೆ ಮೇಲಿನವರು ಹೇಳಿದ್ದನ್ನು ಮಾಡಿದ್ದೇವೆ ಎಂಬ ಲೆಕ್ಕ. ಎರಡರಲ್ಲಿ ಯಾವ ಪಾಲನೆ ಮುಖ್ಯ ಎಂಬ ಗೊಂದಲ ಪದದಲ್ಲಿ ಮಾತ್ರವಲ್ಲ, ಅಂಥ ಮನೆಗಳಲ್ಲೂ ಇದೆ. ದಿನಚರಿ ತಪ್ಪಬಾರದು ಎಂದು ಅಳುತ್ತಿರುವ ಮಗುವನ್ನು ಪ್ರಾರ್ಥನೆಯ ಸಾಲಿಗೆ ನಿಲ್ಲಿಸುವುದನ್ನು ಕಂಡಿದ್ದೇನೆ. ಈ ಪದವನ್ನು ಇಟ್ಟುಕೊಳ್ಳಬಹುದೇ ಎಂದು ನಿಮ್ಮ ಅಭಿಪ್ರಾಯ ಬೇಕು.

ಮಕ್ಕಳ ಬಗ್ಗೆ ಬಳಸುವ ಮಾತು ಇನ್ನೂ ಮುಖ್ಯ. 1986ರ ಬಾಲನ್ಯಾಯ ಕಾಯ್ದೆ ‘ಅಪರಾಧಿ ಬಾಲಕ’ ಎಂಬ ಧಾಟಿಯಲ್ಲಿ ಮಾತಾಡಿತ್ತು, 2000ದಲ್ಲಿ ಅದು ಹೋಗಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ’ ಎಂಬ ಮಾತು ಬಂತು. 2015ರ ಕಾಯ್ದೆಯಂತೂ ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆರೋಪಿಸುವ, ಎದುರಾಳಿಯಂತೆ ಕಾಣುವ ಪದಗಳನ್ನು ಬಳಸಬಾರದು ಎಂದು ಮೂಲ ತತ್ವಗಳಲ್ಲೇ ಸೇರಿಸಿದೆ. ಕಳಂಕ ಹಚ್ಚದ ಭಾಷೆ ಕಾನೂನಿನ ಮಾತು, ಯಾರೋ ಒಳ್ಳೆಯವರ ಸಲಹೆಯಲ್ಲ. ಆದರೂ ಪತ್ರಿಕೆಯಲ್ಲಿ ‘ಬಾಲಾಪರಾಧಿ’ ಉಳಿದಿದೆ, ‘ಬಾಲಮಂದಿರದಿಂದ ಮಕ್ಕಳು ಪರಾರಿ’ ಎಂಬ ತಲೆಬರಹ ಉಳಿದಿದೆ. ಮನೆಯ ನೆನಪಾಗಿ ಗೋಡೆ ಹಾರಿದ ಮಗುವಿಗೆ ಕೈದಿಯ ಕ್ರಿಯಾಪದ. ರಾತ್ರಿ ಪುಸ್ತಕದಲ್ಲಿ ‘ಹಠಮಾರಿ’, ‘ಕಳ್ಳಬುದ್ಧಿ’ ಎಂದು ಬರೆದದ್ದನ್ನು ಮುಂದೆ ಮಕ್ಕಳ ಕಲ್ಯಾಣ ಸಮಿತಿ ಓದುತ್ತದೆ, ಬಾಲನ್ಯಾಯ ಮಂಡಳಿ ಓದುತ್ತದೆ. ‘ಊಟಕ್ಕೆ ಬರಲಿಲ್ಲ, ಎರಡು ಸಲ ಕರೆದೆ, ಗೋಡೆ ಕಡೆ ತಿರುಗಿ ಮಲಗಿದ’ ಎಂದು ಬರೆದರೆ ಆಗಿದ್ದು ಮಾತ್ರ ಉಳಿಯುತ್ತದೆ, ತೀರ್ಪು ಇರುವುದಿಲ್ಲ. ಕೈಪಿಡಿಯಲ್ಲಿ ಇದಕ್ಕೇ ಒಂದು ಅಧ್ಯಾಯ ಇಟ್ಟಿದ್ದೇನೆ.

ಇನ್ನು ನೀತಿಯ ಭಾಗ. ‘ನೀತಿ ಸಂಹಿತೆ’ ಚುನಾವಣೆಯ ಪಾಲಾಗಿದೆ. ‘ನಡತೆ ನಿಯಮ’ ಸರ್ಕಾರಿ ನೌಕರರದು, ಅದರ ಮುಖ ಇರುವುದು ಕೆಲಸ ಕೊಟ್ಟವರ ಕಡೆಗೆ. ನನಗೆ ಬೇಕಾದದ್ದು ಮಗುವಿನ ಕಡೆ ಮುಖ ಮಾಡಿದ ಪದ. ‘ವೃತ್ತಿಧರ್ಮ’ ಹಾಕಿದ್ದೇನೆ. ಉತ್ತರ ಅಮೆರಿಕದ ಪಾಲನಾ ವೃತ್ತಿಯವರು 1995ರಲ್ಲಿ ಮಾಡಿಕೊಂಡ ಸಂಹಿತೆಯಲ್ಲಿ ಹೊಣೆಗಳನ್ನು ಹೇಳುವಾಗ ಮೊದಲು ತನ್ನ ಬಗೆಗಿನ ಹೊಣೆ, ಆಮೇಲೆ ಮಗು ಮತ್ತು ಕುಟುಂಬ, ಸಂಸ್ಥೆ, ವೃತ್ತಿ, ಸಮಾಜ ಎಂದು ಬರುತ್ತದೆ. ತನ್ನ ಬಗೆಗಿನ ಹೊಣೆ ಮೊದಲು ಬಂದಿರುವುದು ನನಗೆ ಬಹಳ ಸರಿ ಅನ್ನಿಸಿತು. ಮೂರು ರಾತ್ರಿ ಸತತವಾಗಿ ನಿದ್ದೆಗೆಟ್ಟವರ ಕೈ ಬೇಗ ಮೇಲೇಳುತ್ತದೆ. ಹೊಡೆತಕ್ಕೆ ಶಿಕ್ಷೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 82ನೇ ಸೆಕ್ಷನ್ ಪ್ರಕಾರ ಸಂಸ್ಥೆಯಲ್ಲಿ ಶಿಸ್ತಿನ ಹೆಸರಲ್ಲಿ ದೈಹಿಕ ಶಿಕ್ಷೆ ಕೊಟ್ಟವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಹೊಡೆಯದೆ ಹೇಗೆ ನಿಭಾಯಿಸಬೇಕು ಎಂಬುದನ್ನು ಕಲಿಸದೆ, ನಿದ್ದೆಗೆ ಬಿಡುವು ಕೊಡದೆ ಶಿಕ್ಷೆಯನ್ನಷ್ಟೇ ಓದಿ ಹೇಳುವುದು ಅನ್ಯಾಯ. ಮಾನ್ಯತೆ ಮತ್ತು ವೃತ್ತಿಧರ್ಮ ಎರಡೂ ಒಟ್ಟಿಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಎರಡು ಪದಗಳಿಗೆ ಸಹಾಯ ಬೇಕು. ತರಬೇತಿಗಳಲ್ಲಿ ‘ಬೌಂಡರಿ’ ಎನ್ನುವುದಕ್ಕೆ ಕೆಲವರು ‘ಅಂತರ’ ಹಾಕುತ್ತಾರೆ. ಕೊರೊನಾ ಕಾಲದಿಂದ ಅದು ದೂರ ನಿಲ್ಲಿ ಎಂಬ ಅರ್ಥಕ್ಕೆ ಅಂಟಿಕೊಂಡಿದೆ. ಅಳುವ ಮಗುವಿನಿಂದ ದೂರ ನಿಲ್ಲಿ ಎಂದು ನಾವು ಹೇಳುತ್ತಿಲ್ಲ. ಹೆಗಲ ಮೇಲೆ ಕೈ ಇಡಬಹುದು, ಮಗು ಬೇಡ ಅಂದರೆ ತೆಗೆಯಬೇಕು, ಕದ ಹಾಕಿಕೊಂಡು ಒಬ್ಬರೇ ಇರಬಾರದು, ಸ್ವಂತ ಫೋನಿನಲ್ಲಿ ಫೋಟೊ ತೆಗೆಯಬಾರದು, ಇಷ್ಟನ್ನು ಹೇಳಬೇಕು. ‘ಎಲ್ಲೆ’ ಸಾಕೇ?

ಎರಡನೆಯದು ‘ಗೋಪ್ಯತೆ’. ಮಗುವಿನ ಗುರುತು ಹೊರಗೆ ಬಿಡಬಾರದು ಎಂದು ಅದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಗೋಪ್ಯತೆ ಸರಿಹೋಗುತ್ತದೆ. ಆದರೆ ಮಗು ರಾತ್ರಿ ಹತ್ತಿರ ಬಂದು ‘ಅಕ್ಕಾ, ಒಂದು ಗುಟ್ಟು, ಯಾರಿಗೂ ಹೇಳ್ಬೇಡ, ಆಣೆ ಮಾಡು’ ಅಂದರೆ? ಲೈಂಗಿಕ ದೌರ್ಜನ್ಯದ ಸಂಗತಿಯಾಗಿದ್ದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಳು ತಿಳಿಸಲೇಬೇಕು. ಆಣೆ ಮಾಡಿದರೆ ಮಗುವಿಗೆ ಮೋಸ, ಗದರಿ ಕಳಿಸಿದರೆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಕೈಪಿಡಿಗೆ ನಾನು ಬರೆದಿರುವ ಉತ್ತರ ಹೀಗಿದೆ: ‘ಎಲ್ಲರ ಹತ್ರ ಹೇಳ್ಕೊಂಡು ತಿರುಗಲ್ಲ ಪುಟ್ಟ. ಆದ್ರೆ ನಿಂಗೆ ಯಾರಾದ್ರೂ ನೋವು ಮಾಡಿದ್ರೆ, ಅದನ್ನ ನಿಲ್ಲಿಸೋಕೆ ಆಗೋರಿಗೆ ಹೇಳ್ತೀನಿ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದ್ಲು ನಿಂಗೇ ಹೇಳ್ತೀನಿ.’ ಇದು ಬೆಂಗಳೂರು, ಮೈಸೂರು ಕಡೆಯ ಮಾತು. ಕೈಪಿಡಿ ಕಲಬುರಗಿ, ಬೆಳಗಾವಿ, ಕಾರವಾರಕ್ಕೂ ಹೋಗಬೇಕು. ಆ ಕಡೆಯವರು ಇದನ್ನು ಎಂಟು ವರ್ಷದ ಮಗುವಿಗೆ ಹೇಳುವ ಹಾಗೆ ನಿಮ್ಮ ಮಾತಿನಲ್ಲಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದ ಕಡೆ ‘ಜತನ’, ‘ಜ್ವಾಕಿ’ ಎಂಬ ಮಾತುಗಳು ಮಕ್ಕಳ ವಿಷಯದಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದನ್ನೂ ತಿಳಿಯಬೇಕಿದೆ. ‘ಮಗೂನ್ನ ಜತನ ಮಾಡು’ ಅನ್ನುವುದು ಈಗಲೂ ಮನೆಮಾತೇ, ಅಥವಾ ಹಿರಿಯರ ಬಾಯಲ್ಲಿ ಮಾತ್ರವೇ? ಮತ್ತು ಬಾಲಮಂದಿರದಲ್ಲೇ ಕೆಲಸ ಮಾಡುವವರು ಅಥವಾ ಅಲ್ಲಿ ಬೆಳೆದವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಅವರನ್ನು ಕೇಳಿ ನೋಡಿ: ಜೊತೆಗಿದ್ದವರನ್ನು ಏನೆಂದು ಕರೆಯುತ್ತಿದ್ದರು, ಏನೆಂದು ಕರೆಯಬೇಕಿತ್ತು ಅನ್ನಿಸುತ್ತದೆ? ಹೆಸರು, ಊರು, ಸಂಸ್ಥೆ ಯಾವುದನ್ನೂ ಬರೆಯುವುದು ಬೇಡ, ಪದವಷ್ಟೇ ಸಾಕು. ಕರಡು ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಅಲ್ಲಿಯವರೆಗೆ ಹೊದಿಕೆಯ ಪುಟದಲ್ಲಿ ಪಾಲನೆಗಾರ ಎಂಬುದನ್ನು ಪೆನ್ಸಿಲಿನಲ್ಲೇ ಬರೆದಿಟ್ಟಿರುತ್ತೇನೆ.