ಕಡ್ಡಿ ಉರಿಯ ಕೆಟಲ್: ಯಾವ ಅಳತೆ, ಯಾವ ಲೋಹ ತಗೋಬೇಕು?

ತೋಟದಂಚು:
ಸಕಲೇಶಪುರ ಕಡೆ ಸ್ವಂತ ಕಾಫಿ ತೋಟದಲ್ಲಿ ಬಳಸೋಕೆ ಕೆಲ್ಲಿ ಕೆಟಲ್ ಥರದ್ದೊಂದು ಬೇಕು. ನಡುವೆ ಚಿಮಣಿ, ಸುತ್ತ ನೀರು, ಕೆಳಗೆ ಒಣ ಕಡ್ಡಿ ಉರಿಸೋ ತಟ್ಟೆ ಇರುತ್ತಲ್ಲ, ಅದು. ನಾಲ್ಕು ಜನಕ್ಕೆ ಕಾಫಿ ಆಗಬೇಕು, ಗ್ಯಾಸ್ ಡಬ್ಬಿ ಹೊರೋದು ಬೇಡ. 0.6, 1.2, 1.6 ಲೀಟರ್ ಅಂತ ಮೂರು ಅಳತೆ, ಅದರಲ್ಲಿ ಅಲ್ಯೂಮಿನಿಯಂ, ಸ್ಟೀಲ್ ಎರಡೂ ಕಾಣ್ತಿವೆ. ಯಾವುದು ಸರಿ? ಅದರಲ್ಲೇ ಹಾಲೂ ಕಾಯಿಸಬಹುದಾ? ಮಳೆಗಾಲದಲ್ಲಿ ಉರಿ ಹತ್ತುತ್ತಾ?

ಬಂಬದ ಬಿಸಿನೀರು:
ಉತ್ತರ ಕರ್ನಾಟಕದ ಬಚ್ಚಲಲ್ಲಿ ಸ್ನಾನದ ನೀರು ಕಾಯಿಸೋ ತಾಮ್ರದ ಬಂಬ ನೋಡಿದ್ರೆ ಇದರ ಅರ್ಧ ಗುಟ್ಟು ತಿಳಿದ ಹಾಗೇನೇ. ಅದರಲ್ಲೂ ನಡುವೆ ಕೊಳವೆ, ಸುತ್ತ ನೀರು. ಕಾಶ್ಮೀರದ ಸಮೋವಾರ್ ಕೂಡ ಇದೇ ಜಾತಿ, ಅದಕ್ಕೆ ಇದ್ದಿಲು ಹಾಕ್ತಾರೆ. ಒಲೆ ಮೇಲಿಟ್ಟ ಪಾತ್ರೆಗೆ ಉರಿ ತಗಲೋದು ತಳಕ್ಕೆ ಮಾತ್ರ, ಉಳಿದದ್ದು ಬದಿಯಿಂದ ಹಾರಿಹೋಗುತ್ತೆ. ಇಲ್ಲಿ ಜ್ವಾಲೆ ಚಿಮಣಿಯ ಉದ್ದಕ್ಕೂ ನೀರಿನ ಗೋಡೆ ಸವರಿಕೊಂಡು ಮೇಲೇರುತ್ತೆ, ಗಾಳಿ ಬೀಸಿದರೆ ಎಳೆತ ಇನ್ನೂ ಜೋರಾಗುತ್ತೆ.

ಅಳತೆಗೆ ಸರಳ ಲೆಕ್ಕ. ಒಂದು ಲೋಟ 150 ಮಿಲಿ ಅಂದರೆ ನಾಲ್ಕು ಜನಕ್ಕೆ 600. 0.6ರದ್ದು ಬಾಯಿಮಟ್ಟ ತುಂಬಿದರೆ ಕುದಿಯುವಾಗ ಮೂತಿಯಿಂದ ಉಗುಳುತ್ತೆ, ಹಾಗಾಗಿ ಅದು ನಾಲ್ವರಿಗೆ ಸಾಲದು. 1.2 ಸರಿಹೋಗುತ್ತೆ. ಎರಡನೇ ಸುತ್ತು ಕಾಫಿ, ಪಾತ್ರೆ ತೊಳೆಯೋ ಬಿಸಿನೀರು ಎಲ್ಲಾ ಬೇಕಿದ್ದರೆ 1.6. ಆದರೆ ದೊಡ್ಡದು ತಗೊಂಡು ಕಾಲು ಭಾಗ ನೀರು ಹಾಕೋ ಯೋಚನೆ ಬೇಡ. ಜ್ವಾಲೆ ಚಿಮಣಿಯ ತುದಿವರೆಗೂ ಹೋಗುತ್ತೆ, ನೀರಿಲ್ಲದ ಮೇಲ್ಭಾಗ ಬರೀ ಲೋಹವಾಗಿ ಕಾಯುತ್ತೆ. ಮೂತಿಗಿಂತ ಒಂದು ಬೆರಳು ಕೆಳಗಿನವರೆಗೆ ತುಂಬಿ ಬಳಸೋದೇ ಒಳ್ಳೇದು.

ಸೌದೆಯ ಲೆಕ್ಕ: 1.2 ಲೀಟರ್ ನೀರು 25ರಿಂದ 100 ಡಿಗ್ರಿಗೆ ಬರೋಕೆ ಸುಮಾರು 377 ಕಿಲೋಜೌಲ್ ಶಾಖ ಬೇಕು. ಒಣ ಕಡ್ಡಿಯಲ್ಲಿ ಕಿಲೋಗೆ 15-16 ಮೆಗಾಜೌಲ್ ಇರುತ್ತೆ. ಅದರಲ್ಲಿ ಕಾಲು ಭಾಗ ಮಾತ್ರ ನೀರಿಗೆ ಸೇರಿತು ಅಂದುಕೊಂಡರೂ 100 ಗ್ರಾಂ ಕಡ್ಡಿ ಸಾಕು. ಅಂದರೆ ಎರಡು ಹಿಡಿ.

ಕಲಾಯಿ:
ಲೋಹದ ವಿಷಯ. ಅಲ್ಯೂಮಿನಿಯಂ ಶಾಖ ಚೆನ್ನಾಗಿ ಹರಿಸುತ್ತೆ, ಬೇಗ ಕುದಿಯುತ್ತೆ ಅಂತ ಮಾರುವವರು ಹೇಳ್ತಾರೆ. ಶಾಖಕ್ಕೆ ನಿಜವಾದ ತಡೆ ಇರೋದು ಬಿಸಿ ಹೊಗೆಗೂ ಲೋಹಕ್ಕೂ ನಡುವೆ, ತೆಳು ಗೋಡೆಯೊಳಗಲ್ಲ. ಹಾಗಾಗಿ ಸ್ಟೀಲಿಗೂ ಅದಕ್ಕೂ ಕುದಿಯೋ ಹೊತ್ತಲ್ಲಿ ಹೇಳಿಕೊಳ್ಳುವಂಥ ಅಂತರ ಇರಲ್ಲ. ಅಲ್ಯೂಮಿನಿಯಂ ಹಗುರ, ಅದೊಂದೇ ಲಾಭ. ತೋಟದಲ್ಲಿ ಬಳಸೋದಕ್ಕೆ ತೂಕ ಯಾಕೆ ನೋಡಬೇಕು? ಸ್ಟೀಲ್ ತಗೊಳ್ಳಿ. ಬಿದ್ದರೆ ಅಷ್ಟು ಸುಲಭಕ್ಕೆ ನೆಗ್ಗಲ್ಲ, ಗಡಸು ನೀರಿನ ಕಲೆ ಕೂತರೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಕುದಿಸಿ ಚೆಲ್ಲಬಹುದು. ಅಲ್ಯೂಮಿನಿಯಂನಲ್ಲಿ ಹುಳಿ ಹೆಚ್ಚು ಹೊತ್ತು ನಿಂತರೆ ಲೋಹವನ್ನೇ ತಿನ್ನುತ್ತೆ.

ತಾಮ್ರದ್ದೂ ಇದೆ. ನ್ಯೂಜಿಲೆಂಡಿನ ಜಾನ್ ಹಾರ್ಟ್ 1929ರಲ್ಲಿ ಮಾಡಿದ ಥರ್ಮೆಟ್ ಇದೇ ತತ್ವದ್ದು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ನ್ಯೂಜಿಲೆಂಡ್ ಸೈನಿಕರು ಬಳಸಿ ಅದಕ್ಕೆ ಬೆಂಗಾಜಿ ಬಾಯ್ಲರ್ ಅಂತ ಹೆಸರು ಬಂತು. ನೋಡೋಕೆ ಬಲು ಚೆಂದ. ಆದರೆ ತಾಮ್ರಕ್ಕೆ ಒಳಗಡೆ ಕಲಾಯಿ ಇದ್ದರೆ ಎಚ್ಚರ. ತವರ 232 ಡಿಗ್ರಿಗೇ ಕರಗುತ್ತೆ, ನೀರಿಲ್ಲದೆ ಎರಡು ನಿಮಿಷ ಉರಿ ಕೊಟ್ಟರೆ ಕಲಾಯಿ ಹೋಯ್ತು ಅಂತಲೇ ಲೆಕ್ಕ.

ಯಾವ ಲೋಹವೇ ಆಗಲಿ, ಕೆಡೋದು ಚಿಮಣಿಯೂ ಹೊರಗೋಡೆಯೂ ಸೇರೋ ತಳದ ಬೆಸುಗೆಯಲ್ಲಿ. ತಂದ ದಿನವೇ ನೀರು ತುಂಬಿಸಿ ರಾತ್ರಿಯಿಡೀ ಹಳೇ ಪೇಪರ್ ಮೇಲೆ ಇಡಿ. ಬೆಳಗ್ಗೆ ಪೇಪರ್ ಮೇಲೆ ಒದ್ದೆಯ ಬಳೆ ಮೂಡಿದ್ದರೆ ವಾಪಸ್ ಕೊಡಿ. ಉರಿ ಹಚ್ಚಿದ ಮೊದಲ ಒಂದೆರಡು ನಿಮಿಷ ಚಿಮಣಿಯ ಒಳಗೋಡೆಯಿಂದ ಹನಿ ತೊಟ್ಟಿಕ್ಕಿದರೆ ಮಾತ್ರ ಗಾಬರಿ ಬೇಡ. ಹೊಗೆಯಲ್ಲಿರೋ ನೀರಾವಿ ತಣ್ಣನೆ ಗೋಡೆ ಮೇಲೆ ಹನಿಗಟ್ಟಿದ್ದು ಅದು. ನೀರು ಬೆಚ್ಚಗಾದಂತೆ ನಿಲ್ಲುತ್ತೆ. ಕುದಿ ಬಂದ ಮೇಲೂ ತೊಟ್ಟಿಕ್ಕುತ್ತಿದ್ದರೆ ಅದು ಸೋರಿಕೆ.

ಗಾಳಿಗಂಡಿ:
ಉರಿ ಹಚ್ಚೋದು ಹೀಗೆ. ಮೊದಲು ನೀರು ತುಂಬಿಸಿ, ಆಮೇಲೆ ಬೆಂಕಿ. ಈ ಕ್ರಮ ಯಾವತ್ತೂ ತಪ್ಪಬಾರದು. ತಟ್ಟೆಯ ಗಂಡಿ ಗಾಳಿ ಬರೋ ದಿಕ್ಕಿಗಿರಲಿ. ತೆಂಗಿನ ನಾರು ಅಥವಾ ಒಣ ತರಗು ಇಟ್ಟು ಹತ್ತಿಸಿ, ಬೆಂಕಿಪೊಟ್ಟಣದ ಕಡ್ಡಿಯಷ್ಟು ಸಣ್ಣ ಪುಳ್ಳೆ ಹಾಕಿ. ಉರಿ ಹಿಡಿದ ಮೇಲೆ ಕೆಟಲ್ ಕೂರಿಸಿ, ಗೇಣುದ್ದದ ಪುಳ್ಳೆಗಳನ್ನು ಚಿಮಣಿಯ ಮೇಲಿಂದ ಎರಡೆರಡೇ ಇಳಿಬಿಡಿ. ಕಿರುಬೆರಳಿಗಿಂತ ದಪ್ಪ ಬೇಡ. ಬಗ್ಗಿ ನೋಡಿಕೊಂಡು ಹಾಕಬೇಡಿ, ಜ್ವಾಲೆ ಮುಖಕ್ಕೇ ಬರುತ್ತೆ. ಹೊಗೆ ದಟ್ಟವಾಗಿ ಬರ್ತಿದೆ ಅಂದರೆ ಒಂದೋ ಕಡ್ಡಿ ಹಸಿ, ಇಲ್ಲಾ ಚಿಮಣಿ ತುಂಬಿಸಿ ಎಳೆತ ಕಟ್ಟಿಹಾಕಿದ್ದೀರಿ. ಹೊಸದು ಹಾಕೋದು ನಿಲ್ಲಿಸಿ, ಇದ್ದದ್ದು ಉರಿದು ಇಳಿಯಲಿ.

ಮೊದಲು ಒಳಗೆ ಸಣ್ಣಗೆ ಸುಂಯ್ ಅನ್ನುತ್ತೆ, ಆಮೇಲೆ ಕೊತಕೊತ ಸದ್ದು, ಮೂತಿಯಿಂದ ಒಂದೊಂದೇ ಹನಿ ಹಾರುತ್ತೆ. ಆಗ ಇಳಿಸಿ. ಒಣ ಕಡ್ಡಿ ಇದ್ದರೆ 1.2 ಲೀಟರಿಗೆ ಐದರಿಂದ ಎಂಟು ನಿಮಿಷ.

ಕಾರ್ಕ್ ಬಗ್ಗೆ ಒತ್ತಿ ಹೇಳ್ತೀನಿ: ಕಾಯಿಸುವಾಗ ಕಾರ್ಕ್ ಮೂತಿಯಲ್ಲಿ ಇರಲೇಬಾರದು. ಆವಿಗೆ ಬೇರೆ ದಾರಿಯೇ ಇಲ್ಲ. ಒತ್ತಡ ಏರಿ ಕಾರ್ಕ್ ಹಾರುತ್ತೆ, ಹಿಂದೆಯೇ ಕುದಿನೀರು ಚಿಮ್ಮುತ್ತೆ. ಅದು ಇರೋದು ಹೊತ್ತೊಯ್ಯುವಾಗ ಧೂಳು ಬೀಳದಿರಲಿ ಅಂತ. ಸೀಟಿ ಊದೋ ಬಿರಡೆ ಬೇರೆ, ಅದರಲ್ಲಿ ಆವಿಗೆ ತೂತಿರುತ್ತೆ.

ಇಳಿಸುವಾಗ ಹಿಡಿಯನ್ನು ನೆಟ್ಟಗೆ ಚಿಮಣಿ ಮೇಲೆ ಎತ್ತಿದರೆ ಕೈ ಸುಡುತ್ತೆ. ಹಿಡಿಯನ್ನು ಅಡ್ಡಕ್ಕೆ ಬಿಟ್ಟು, ಎರಡೂ ಬದಿ ಎರಡು ಕೈಯಲ್ಲಿ ಹಿಡಿದು ಎತ್ತಿ. ಬಗ್ಗಿಸುವಾಗ ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಕಾರ್ಕಿನ ಸರಪಳಿ ಹಿಡಿದು ತಳ ಮೇಲೆತ್ತಿ. ಸರಪಳಿ ಇರೋದೇ ಅದಕ್ಕೆ.

ತೋಟದಂಚು:
ಸ್ಟೀಲ್ 1.6 ಅಂತ ಗಟ್ಟಿಯಾಯ್ತು. ಹಾಲು, ಮಳೆಗಾಲ ಎರಡು ಉಳೀತು.

ಬಂಬದ ಬಿಸಿನೀರು:
ಹಾಲು ಖಂಡಿತ ಬೇಡ. ಉಕ್ಕಿ ಮೂತಿಯಿಂದ ಹೊರಬರುತ್ತೆ, ಒಳಗೆ ಹಿಡಿದ ಸೀಕು ಉಜ್ಜೋಕೆ ಕೈ ಹೋಗಲ್ಲ. ಟೀ ಸೊಪ್ಪು, ಕಾಫಿ ಪುಡಿಯೂ ಅಷ್ಟೇ, ಅದರೊಳಗೆ ನೀರು ಮಾತ್ರ. ಕುದಿನೀರನ್ನು ಸ್ಟೀಲ್ ಫಿಲ್ಟರಿಗೆ ಹುಯ್ದು ಡಿಕಾಕ್ಷನ್ ಇಳಿಸಿ. ಕೆಟಲ್ ಎತ್ತಿದ ಮೇಲೆ ತಟ್ಟೆಯಲ್ಲಿ ಉಳಿದ ಕೆಂಡದ ಮೇಲೆ ಪಾತ್ರೆ ಕೂರಿಸೋ ಕಬ್ಬಿಣದ ಅಡ್ಡಪಟ್ಟಿ ಸಿಗುತ್ತೆ, ಹಾಲು ಅದರ ಮೇಲೆ.

ಮಳೆಗಾಲಕ್ಕೆ ಸೌದೆ ಈಗಲೇ ಕೂಡಿಡಿ. ಸವರಿದ ಕಾಫಿ ಗಿಡದ ಕಡ್ಡಿ, ಒಣ ಅಡಿಕೆ ಸಿಪ್ಪೆ, ಚೂರು ಮಾಡಿದ ಕರಟ ಒಂದು ಮುಚ್ಚಳದ ಡಬ್ಬಿಯಲ್ಲಿರಲಿ. ಕರಟ ಜೋರಾಗಿ ಉರಿಯುತ್ತೆ, ಆದರೆ ಮಸಿ ಜಾಸ್ತಿ, ಕೊನೆಗೆ ನಾಲ್ಕು ಚೂರು ಹಾಕಿದರೆ ಸಾಕು. ಗೇರುಬೀಜದ ಸಿಪ್ಪೆ, ಚೇರಿನ ಕಡ್ಡಿ, ಕಣಗಿಲೆ ಇವು ಬೇಡವೇ ಬೇಡ. ಮೊದಲೆರಡರ ಎಣ್ಣೆಗೆ ಚರ್ಮ ಬೊಬ್ಬೆ ಬರುತ್ತೆ, ಕಣಗಿಲೆ ವಿಷ, ಹೊಗೆಯೂ ಒಳ್ಳೇದಲ್ಲ.

ಗಾಳಿಗಂಡಿ:
ಒಂದು ಸೇರಿಸ್ತೀನಿ. ಇದನ್ನ ಸ್ವಂತ ಜಾಗದಲ್ಲಿ ಮಾತ್ರ ಹಚ್ಚಿ. ಚಾರಣಕ್ಕೆ ಅಂತ ಅಭಯಾರಣ್ಯದೊಳಗೆ ಒಯ್ದು, ಕಾಡಿಗೆ ಅಪಾಯ ಆಗೋ ಹಾಗೆ ಉರಿ ಹಚ್ಚಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತಟ್ಟೆಯೊಳಗಿನ ಉರಿ ಅನ್ನೋ ವಿನಾಯಿತಿ ಅದರಲ್ಲಿಲ್ಲ.

ಫೆಬ್ರವರಿಯಿಂದ ಮೊದಲ ಮಳೆವರೆಗೆ ತೋಟದ ತರಗೂ ಕಿಡಿಗೆ ಕಾದಿರುತ್ತೆ. ಸುತ್ತ ಒಂದು ಮಾರು ಗುಡಿಸಿ ಬರೀ ಮಣ್ಣು ಮಾಡಿಕೊಳ್ಳಿ, ಪಕ್ಕದಲ್ಲೊಂದು ಕೊಡ ನೀರಿರಲಿ. ಮುಗಿದ ಮೇಲೆ ಬೂದಿಗೆ ನೀರು ಹುಯ್ದು ಕಡ್ಡಿಯಲ್ಲಿ ಕಲಸಿ, ಮತ್ತೆ ಹುಯ್ಯಿರಿ. ಕೈ ಹಿಂಬದಿ ಹತ್ತಿರ ಹಿಡಿದರೆ ಬಿಸಿ ತಾಕಬಾರದು, ಆಮೇಲೆ ಮಣ್ಣಿಗೆ ಮಗುಚಿ.