ಹಾಂಗ್‌ಕಾಂಗ್–ಟೋಕಿಯೊ: ಟಿಕೆಟ್‌ನಲ್ಲಿ ಕಾಣೋ ಗಂಟೆ ನಂಬಬೇಡಿ

ಚಿಕ್ಕಮ್ಮಾ, ಟಿಕೆಟ್ ನೋಡಿದ್ರೆ ಹಾಂಗ್‌ಕಾಂಗ್‌ನಿಂದ ಟೋಕಿಯೊಗೆ ಐದು ಗಂಟೆ, ವಾಪಸ್ ಬರೋಕೆ ನಾಲ್ಕೇ ಗಂಟೆ ಕಾಣ್ತಿದೆ, ಯಾಕೆ ಅಂತ ಕೇಳಿದ್ರಲ್ಲ. ನಿಜ ಅಂದ್ರೆ ಅದು ತಿರುಗುಮುರುಗು. ಹೋಗೋದು ನಾಲ್ಕು, ಬರೋದು ಐದು.

ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಗಡಿಯಾರದ ಸಮಯ. ಜಪಾನ್ ಗಡಿಯಾರ ಹಾಂಗ್‌ಕಾಂಗ್‌ಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ 10ಕ್ಕೆ ಹೊರಟು ಅಲ್ಲಿ 3ಕ್ಕೆ ಇಳಿದ್ರೆ ಕೂತಿದ್ದು ನಾಲ್ಕೇ ಗಂಟೆ. ಅಲ್ಲಿಂದ 10ಕ್ಕೆ ಹೊರಟು ಇಲ್ಲಿ 2ಕ್ಕೆ ಇಳಿದ್ರೆ ಐದು ಗಂಟೆ. ಲೆಕ್ಕ ಹಾಕೋಕೆ ಬೇಜಾರಾದ್ರೆ ಬುಕಿಂಗ್‌ನಲ್ಲಿ ಡ್ಯುರೇಶನ್ ಅಂತ ಇರುತ್ತಲ್ಲ, ಅದನ್ನಷ್ಟೇ ನೋಡಿ.

ಸರಿ, ದಾರಿ ಅದೇ, ದೂರ ಅದೇ, ಸುಮಾರು 2,900 ಕಿ.ಮೀ. ಹಾಗಿದ್ರೆ ಬರುವಾಗ ಒಂದು ಗಂಟೆ ಜಾಸ್ತಿ ಯಾಕೆ? ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸ್ತಾ ಇರುತ್ತೆ. ಜಪಾನ್ ಮೇಲೆ, ಅದೂ ಚಳಿಗಾಲದಲ್ಲಿ, ಅದರ ರಭಸ ಕೇಳಲೇಬೇಡಿ. ವಿಮಾನದ ವೇಗ ಗಂಟೆಗೆ 880 ಕಿ.ಮೀ. ಅಂದ್ಕೊಳ್ಳಿ, ದಾರಿಯುದ್ದಕ್ಕೂ ಗಾಳಿ 120 ಅಂದ್ಕೊಳ್ಳಿ. ಹೋಗುವಾಗ ಬೆನ್ನಿಗೆ ಗಾಳಿ, ವೇಗ 1,000, ಮೂರು ಗಂಟೆಯೊಳಗೆ ಮುಗೀತು. ಬರುವಾಗ ಎದುರುಗಾಳಿ, 760ಕ್ಕೆ ಇಳೀತು, 3 ಗಂಟೆ 50 ನಿಮಿಷ. ರನ್‌ವೇವರೆಗೆ ತೆವಳೋದು, ಏರೋದು, ಇಳಿಯೋದು ಅಂತ ಎರಡಕ್ಕೂ ಇನ್ನೊಂದು ಗಂಟೆ ಸೇರಿಸಿ. ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ ಉತ್ತರಕ್ಕೆ ಸರಿಯುತ್ತೆ, ಆಗ ಈ ವ್ಯತ್ಯಾಸ ಕಮ್ಮಿ. ಆದ್ರೆ ಜುಲೈಯಿಂದ ಅಕ್ಟೋಬರ್‌ವರೆಗೆ ಟೈಫೂನ್ ಕಾಟ, ಒಂದು ಬಂದ್ರೆ ವಿಮಾನಗಳು ಸಾಲಾಗಿ ರದ್ದಾಗ್ತವೆ.

ಇದಕ್ಕಿಂತ ಮುಖ್ಯವಾದದ್ದು, ಯಾವ ವಿಮಾನ ನಿಲ್ದಾಣ ಅನ್ನೋದು. ಟೋಕಿಯೊ ಅಂತ ಬರೆದಿದ್ರೂ ನರಿಟಾ ಇರೋದು ಪಕ್ಕದ ಚಿಬಾದಲ್ಲಿ, ಊರಿನ ಮಧ್ಯದಿಂದ 60 ಕಿ.ಮೀ. ದೂರ. ನರಿಟಾ ಎಕ್ಸ್‌ಪ್ರೆಸ್‌ನಲ್ಲೂ ಟೋಕಿಯೊ ಸ್ಟೇಷನ್‌ಗೆ ಹತ್ತಿರ ಹತ್ತಿರ ಒಂದು ಗಂಟೆ. ಇನ್ನೊಂದು ನಿಲ್ದಾಣ ಹನೇಡಾ ಆದ್ರೆ ಊರಿಗೆ ಅಂಟಿಕೊಂಡೇ ಇದೆ, ಕೇಕ್ಯು ರೈಲಿನಲ್ಲಿ ಕಾಲು ಗಂಟೆಗೆ ಟೋಕಿಯೊದೊಳಗಿನ ಶಿನಗಾವಾ ಸ್ಟೇಷನ್. ಹಾರೋ ದೂರದಲ್ಲಿ ಎರಡಕ್ಕೂ ಐದಾರು ನಿಮಿಷದ ವ್ಯತ್ಯಾಸ ಅಷ್ಟೇ, ಹಾಗಾಗಿ ಟಿಕೆಟ್ ಸ್ವಲ್ಪ ದುಬಾರಿಯಾದ್ರೂ ನನ್ನ ಮತ ಹನೇಡಾಕ್ಕೇ. ಒಂದೇ ಎಚ್ಚರ: ಹನೇಡಾದಲ್ಲಿ ನಡುರಾತ್ರಿಯೂ ವಿಮಾನ ಇಳಿಯುತ್ತೆ, ರೈಲು ಮಾತ್ರ ಬೆಳಿಗ್ಗೆ ಐದರ ತನಕ ಇರಲ್ಲ. ಟ್ಯಾಕ್ಸಿಗೆ ರಾತ್ರಿ 10ರಿಂದ 5ರವರೆಗೆ ಶೇ. 20 ಜಾಸ್ತಿ.

ಹಾಂಗ್‌ಕಾಂಗ್ ಕಡೆ ಚಿಂತೆಯಿಲ್ಲ, ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನಲ್ಲಿ ಊರಿನ ಮಧ್ಯಕ್ಕೆ 24 ನಿಮಿಷ. ವಾಪಸ್ ಬಂದು ಅಲ್ಲಿಂದ ಇನ್ನೊಂದು ವಿಮಾನ ಹಿಡಿಯೋದಿದ್ರೆ, ಎರಡೂ ಒಂದೇ ಟಿಕೆಟ್‌ನಲ್ಲಿ ಇರೋ ಹಾಗೆ ನೋಡ್ಕೊಳ್ಳಿ. ಚಳಿಗಾಲದ ಎದುರುಗಾಳಿಗೆ ತಡ ಆಗೋದೂ ಉಂಟು, ಬೇರೆ ಬೇರೆ ಟಿಕೆಟ್ ಆಗಿದ್ರೆ ತಪ್ಪಿದ ವಿಮಾನದ ದುಡ್ಡು ನಿಮ್ಮ ತಲೆ ಮೇಲೇ.